ಎಟಿವಿಗೆ ಗೇರು ವಾಸಿನಾ, ಆಟೋಮ್ಯಾಟಿಕ್ ವಾಸಿನಾ? ಪದೇ ಪದೇ ಕೇಳುವ ಪ್ರಶ್ನೆಗಳು

ತಿಕೋಟಾದ ದ್ರಾಕ್ಷಿ ತೋಟದವರು, ಮುಧೋಳದ ಕಬ್ಬಿನವರು, ಖಾನಾಪುರ ಕಡೆ ರೆಸಾರ್ಟ್ ಇಟ್ಟವರು, ಬೆಳಗಾವಿಯ ಕಾಲೇಜು ಹುಡುಗರು. ಎಟಿವಿ (ಹೊಲ, ಗುಡ್ಡದಲ್ಲಿ ಓಡುವ, ದಪ್ಪ ಟೈರಿನ ನಾಲ್ಕು ಗಾಲಿಯ ಬೈಕಿನಂಥ ಗಾಡಿ) ಮಾತು ಬಂದರೆ ಇವರೆಲ್ಲ ಕೇಳುವುದು ಹೆಚ್ಚು ಕಮ್ಮಿ ಒಂದೇ: ಗೇರಿನದ್ದು ತಗೊಳ್ಳೋದಾ, ಆಟೋಮ್ಯಾಟಿಕ್ ತಗೊಳ್ಳೋದಾ? ಹೊಲದ ಮಣ್ಣು ಯಾವುದು, ಗಾಡಿ ಯಾರ ಕೈಗೆ ಹೋಗುತ್ತದೆ, ಕೆಟ್ಟರೆ ಯಾರು ಬಿಚ್ಚುತ್ತಾರೆ ಅನ್ನುವುದು ಗೊತ್ತಾಗದೆ ಇದಕ್ಕೆ ಉತ್ತರ ಕೊಡೋಕೆ ಆಗುವುದಿಲ್ಲ. ಹಾಗಾಗಿ ಉತ್ತರಗಳು ಸ್ವಲ್ಪ ಉದ್ದ ಆಗಿವೆ.

ಎಟಿವಿಯ ಆಟೋಮ್ಯಾಟಿಕ್ ಅಂದರೆ ಕಾರಿನ ಆಟೋಮ್ಯಾಟಿಕ್ ಇದ್ದಂಗಾ?

ಬಹಳಷ್ಟು ಎಟಿವಿಗಳಲ್ಲಿ ಇರುವುದು ನಿಮ್ಮ ಮನೆಯ ಆಕ್ಟಿವಾದಲ್ಲಿರುವ ಏರ್ಪಾಡು. ಹೆಸರು ಸಿವಿಟಿ. ಎಂಜಿನ್ ಕಡೆ ಒಂದು ಪುಲ್ಲಿ, ಗಾಲಿ ಕಡೆ ಒಂದು ಪುಲ್ಲಿ, ನಡುವೆ ದಪ್ಪ ರಬ್ಬರ್ ಬೆಲ್ಟ್. ಎಂಜಿನ್ ಜೋರಾಗಿ ತಿರುಗಿದಂತೆ ಮುಂದಿನ ಪುಲ್ಲಿಯೊಳಗಿನ ತೂಕದ ತುಂಡುಗಳು ಹೊರಗೆ ಸರಿಯುತ್ತವೆ. ಅವು ಪುಲ್ಲಿಯ ಎರಡು ತಟ್ಟೆಗಳನ್ನು ಹತ್ತಿರ ತಳ್ಳುತ್ತವೆ. ಬೆಲ್ಟ್ ಮೇಲಕ್ಕೆ ಏರುತ್ತದೆ. ಅದೇ ಹೊತ್ತಿಗೆ ಹಿಂದಿನ ಪುಲ್ಲಿಯ ಸ್ಪ್ರಿಂಗ್ ಒತ್ತಿಕೊಂಡು ಅಲ್ಲಿ ಬೆಲ್ಟ್ ಕೆಳಗೆ ಇಳಿಯುತ್ತದೆ. ಹಲ್ಲಿನ ಗೇರು ಬದಲಾಗದೆ ಸ್ಪೀಡ್ ಬದಲಾಗುತ್ತಾ ಹೋಗುತ್ತದೆ. ಏರು ಬಂದು ಗಾಲಿಗೆ ಭಾರ ಬಿದ್ದರೆ ಹಿಂದಿನ ಪುಲ್ಲಿ ಮತ್ತೆ ಬೆಲ್ಟನ್ನು ಬಿಗಿಯಾಗಿ ಹಿಡಿದು ಎಳೆತ ಜಾಸ್ತಿ ಮಾಡುತ್ತದೆ.

ಆಕ್ಟಿವಾಕ್ಕೂ ದೊಡ್ಡ ಎಟಿವಿಗೂ ಇರುವ ಮುಖ್ಯ ಫರಕು ಅಂದರೆ ಬೆಲ್ಟಿನ ಹಿಂದೆ ಇರುವ ಇನ್ನೊಂದು ಗೇರ್ ಪೆಟ್ಟಿಗೆ. ಅದರಲ್ಲಿ ಹೈ, ಲೋ, ನ್ಯೂಟ್ರಲ್, ರಿವರ್ಸ್, ಕೆಲವದರಲ್ಲಿ ಪಾರ್ಕ್ ಕೂಡ ಇರುತ್ತದೆ. ಈ ‘ಲೋ’ ಅನ್ನುವುದನ್ನು, ಅಂದರೆ ನಿಧಾನಕ್ಕೆ ಹೋದರೂ ಎಳೆತ ಜಾಸ್ತಿ ಕೊಡುವ ಗೇರನ್ನು, ನೆನಪಿಡಿ. ಮುಂದೆ ಎಲ್ಲ ಕಥೆ ಅದರದ್ದೇ.

ಅಂದ ಹಾಗೆ, ಎಟಿವಿಗೆ ಈ ಬೆಲ್ಟ್ ಬಂದದ್ದು ಹಿಮದ ನಾಡಿನಿಂದ. ಅಮೆರಿಕದ ಮಿನ್ನೆಸೋಟಾದಲ್ಲಿ ಹಿಮದ ಮೇಲೆ ಓಡುವ ಸ್ನೋಮೊಬೈಲ್ ಮಾಡುತ್ತಿದ್ದ ಪೊಲಾರಿಸ್ ಕಂಪನಿ 1985ರಲ್ಲಿ ಟ್ರೇಲ್ ಬಾಸ್ ಎಂಬ ಎಟಿವಿ ತಂದಿತು. ಅದರಲ್ಲೂ ಬೆಲ್ಟನ್ನೇ ಹಾಕಿತು. ಅಲ್ಲಿ ಚಳಿಯಲ್ಲಿ ಹುಟ್ಟಿದ್ದು ಇಲ್ಲಿ ವಿಜಯಪುರದ 40 ಡಿಗ್ರಿ ಬಿಸಿಲಲ್ಲಿ ದುಡಿಯಬೇಕು!

ಚಿಕ್ಕ 110 ಸಿಸಿ ಎಟಿವಿಗೂ ‘ಆಟೋಮ್ಯಾಟಿಕ್’ ಅಂತಾರೆ. ಅದೂ ಇದೇನಾ?

ಎಲ್ಲವೂ ಅಲ್ಲ. 110 ಸಿಸಿಯ ಚೀನಾ ಎಂಜಿನ್ ಇರುವ ಎಷ್ಟೋ ಗಾಡಿಗಳಲ್ಲಿ ಬೆಲ್ಟೇ ಇರುವುದಿಲ್ಲ. ಮುಂದಕ್ಕೆ ಒಂದೇ ಗೇರು, ಹಿಂದಕ್ಕೆ ಒಂದು. ಎಕ್ಸಲೇಟರ್ ಒತ್ತಿದರೆ ಸೆಂಟ್ರಿಫ್ಯೂಗಲ್ ಕ್ಲಚ್ (ಎಂಜಿನ್ ಜೋರಾದಾಗ ತಾನೇ ಹಿಡಿಯುವ ಕ್ಲಚ್) ಹಿಡಿದುಕೊಂಡು ಗಾಡಿ ಹೊರಡುತ್ತದೆ. ಟಿವಿಎಸ್ ಎಕ್ಸೆಲ್‌ನಲ್ಲಿ ಇರುವುದೂ ಇದೇ. ಸಮತಟ್ಟು ಜಾಗದಲ್ಲಿ ಮಕ್ಕಳು ಸುತ್ತು ಹೊಡೆಯಲು ಸಾಕು. ಭಾರ ಎಳೆಯುವ ಕೆಲಸ ಕೊಡಬೇಡಿ. ಅಂಗಡಿಯವರು ‘ಆಟೋಮ್ಯಾಟಿಕ್ ರೀ’ ಅಂದ ತಕ್ಷಣ ಒಳಗೆ ಬೆಲ್ಟ್ ಇದೆಯಾ, ಲೋ ಇದೆಯಾ ಅಂತ ಕೇಳಿ.

ಮ್ಯಾನ್ಯುವಲ್ ಅಂದರೆ ಬೈಕಿನ ತರಾನೇ?

ಹೌದು. ಎಡಗೈಗೆ ಕ್ಲಚ್, ಎಡಗಾಲಿಗೆ ಗೇರು. ಬೇರೆ ಇರುವುದು ಎಕ್ಸಲೇಟರ್ ಮಾತ್ರ. ಅದನ್ನು ತಿರುವುವ ಬದಲು ಬಲಗೈ ಹೆಬ್ಬೆರಳಿನಿಂದ ಒತ್ತಬೇಕು. ದಿನವಿಡೀ ಓಡಿಸಿದರೆ ಮೊದಮೊದಲು ಹೆಬ್ಬೆರಳು ನೋಯುತ್ತದೆ, ಆಮೇಲೆ ರೂಢಿಯಾಗುತ್ತದೆ.

ಇವು ಹೆಚ್ಚಾಗಿ ಆಟದ ಗಾಡಿಗಳು. ಯಮಹಾ ರ‍್ಯಾಪ್ಟರ್ 700ಕ್ಕೆ 5 ಗೇರು ಮತ್ತು ರಿವರ್ಸ್ ಇದೆ. ಅದೇ ಕಂಪನಿಯ ವೈಎಫ್‌ಝಡ್450ಆರ್‌ಗೆ 5 ಗೇರು ಇದ್ದರೂ ರಿವರ್ಸ್ ಇಲ್ಲ. ಓಟದ ಗಾಡಿ, ಹಿಂದೆ ಹೋಗುವ ಕೆಲಸ ಅದಕ್ಕಿಲ್ಲ ಅಂತ ಲೆಕ್ಕ. ಆದರೆ ಕಬ್ಬಿನ ಸಾಲಿನ ಕೊನೆಯಲ್ಲಿ ಸಿಕ್ಕಿಹಾಕಿಕೊಂಡಾಗ ಇಳಿದು ಕೈಯಿಂದ ಎಳೆಯಬೇಕಾಗುತ್ತದೆ. ಹೊಲಕ್ಕೆ ಕೊಳ್ಳುವವರು ಇದನ್ನು ಮೊದಲೇ ನೋಡಿಕೊಳ್ಳಿ.

ಸೆಮಿ ಆಟೋಮ್ಯಾಟಿಕ್ ಅನ್ನೋದು ಏನು?

ಕಾಲಿನಿಂದ ಗೇರು ಹಾಕಬೇಕು, ಆದರೆ ಕ್ಲಚ್ ಹಿಡಿಕೆ ಇರುವುದಿಲ್ಲ. ಹಳೆಯ ಹೀರೋ ಹೋಂಡಾ ಸ್ಟ್ರೀಟ್ ಓಡಿಸಿದವರಿಗೆ ಹೇಳಿಕೊಡಬೇಕಿಲ್ಲ. ಗೇರ್ ಪೆಡಲ್ ಒತ್ತಿದಾಗ ಕ್ಲಚ್ ತಾನೇ ಬಿಡುತ್ತದೆ, ಪೆಡಲ್ ಬಿಟ್ಟಾಗ ಹಿಡಿಯುತ್ತದೆ. ನಿಂತ ಗಾಡಿ ಹೊರಡಲು ಸೆಂಟ್ರಿಫ್ಯೂಗಲ್ ಕ್ಲಚ್ ಬೇರೆ ಇರುತ್ತದೆ. ಹೋಂಡಾ 1970ರಲ್ಲಿ ಅಮೆರಿಕದಲ್ಲಿ ಬಿಟ್ಟ ಮೂರು ಗಾಲಿಯ ಗಾಡಿಯಲ್ಲೂ ಇದೇ ಜಾತಿಯ ಕ್ಲಚ್ ಇತ್ತು. ಆಮೇಲೆ 1998ರಲ್ಲಿ ಅದೇ ಕಂಪನಿ ಬೆರಳಿನಿಂದ ಬಟನ್ ಒತ್ತಿ ಗೇರು ಬದಲಿಸುವ ಏರ್ಪಾಡನ್ನೂ ತಂದಿತು.

ನಮ್ಮ ಕಡೆ ಸಿಗುವ 125 ಸಿಸಿ ಗಾಡಿಗಳಲ್ಲಿ ‘ಮೂರು ಪ್ಲಸ್ ಒಂದು’ ಅಂತ ಬರೆದಿರುತ್ತಾರೆ. ಮೂರು ಮುಂದಿನ ಗೇರು, ಒಂದು ರಿವರ್ಸ್. ಇದರಲ್ಲಿ ಜನ ಮಾಡುವ ತಪ್ಪು ಒಂದೇ: ಮೂರನೇ ಗೇರಲ್ಲಿ ನಿಲ್ಲಿಸಿ, ಮೂರನೇ ಗೇರಲ್ಲೇ ಹೊರಡುವುದು. ಕ್ಲಚ್ ಹಿಡಿಕೆ ಇಲ್ಲದ ಕಾರಣ ಗಾಡಿ ಬಂದ್ ಆಗುವುದಿಲ್ಲ, ಹೇಗೋ ಎಳೆದುಕೊಂಡು ಹೋಗುತ್ತದೆ. ಒಳಗೆ ಕ್ಲಚ್ ಜಾರಿ ಜಾರಿ ಸವೆಯುತ್ತದೆ. ನಿಂತರೆ ಒಂದನೇ ಗೇರಿಗೆ ಬನ್ನಿ, ಅಷ್ಟೇ.

ನಮ್ಮದು ಅಪ್ಪಟ ಎರಿ (ಕಪ್ಪು ಮಣ್ಣಿನ) ಭೂಮಿ. ಮಳೆಗಾಲದಲ್ಲಿ ಯಾವುದು ನಡೆಯುತ್ತದೆ?

ಡೋಣಿ ನದಿ ಸಾಲಿನ ಎರಿಯಾಗಲಿ, ಬೀಳಗಿ ಕಡೆಯ ಎರಿಯಾಗಲಿ, ಒಂದು ಒಳ್ಳೆಯ ಮಳೆ ಬಿದ್ದರೆ ಯಾವ ಎಟಿವಿಯೂ ಶೂರ ಅಲ್ಲ. ಮಣ್ಣು ಗಾಲಿಗೆ ಮೆತ್ತಿಕೊಂಡು ಟೈರಿನ ಕಚ್ಚುಗಳು ಮುಚ್ಚಿಹೋಗುತ್ತವೆ. ಗಾಲಿ ಮತ್ತು ಮಡ್‌ಗಾರ್ಡ್ ನಡುವೆ ರಾಡಿ ತುಂಬಿಕೊಳ್ಳುತ್ತದೆ. ಹೊಲ ತಡೆಯುವಷ್ಟು ಆರಿದ ಮೇಲೆ ಇಳಿಸುವುದೇ ಜಾಣತನ.

ಅರೆಬರೆ ಆರಿದ ಎರಿಯಲ್ಲಿ ಲೋ ಇರುವ ಸಿವಿಟಿ ಗಾಡಿ ನನ್ನ ಲೆಕ್ಕದಲ್ಲಿ ಮುಂದೆ. ಕಾರಣ ಸರಳ. ಇಂಥ ಮಣ್ಣಲ್ಲಿ ಗಾಲಿ ಒಂದೇ ಸಮ, ನಿಧಾನಕ್ಕೆ, ನಿಲ್ಲದೆ ತಿರುಗುತ್ತಿರಬೇಕು. ಗೇರಿನ ಗಾಡಿಯಲ್ಲಿ ಕ್ಲಚ್ ಹಿಡಿದು ಗೇರು ಬದಲಿಸುವ ಆ ಒಂದು ಕ್ಷಣಕ್ಕೆ ಎಳೆತ ತಪ್ಪುತ್ತದೆ, ಗಾಡಿ ಕೂತುಬಿಡುತ್ತದೆ. ಮತ್ತೆ ಎಬ್ಬಿಸಲು ಕ್ಲಚ್ ಅರ್ಧ ಹಿಡಿದು ರೇಸ್ ಕೊಡುತ್ತೀರಿ. ಆಟದ ಗಾಡಿಗಳ ಒಂದನೇ ಗೇರು ಓಟಕ್ಕೆ ಹೊಂದಿಸಿದ್ದು, ಆಮೆ ನಡಿಗೆಗೆ ಹೊಂದುವುದಿಲ್ಲ. ಹಾಗಾಗಿ ಅರ್ಧ ಕ್ಲಚ್ಚಲ್ಲೇ ಹೊಲ ದಾಟುತ್ತೀರಿ. ಪ್ಲೇಟುಗಳು ಸುಡುತ್ತವೆ. ಆ ಕರಿ ಪುಡಿ ಎಂಜಿನ್ ಆಯಿಲ್ಲಿಗೇ ಸೇರುತ್ತದೆ, ಯಾಕೆಂದರೆ ಬಹಳಷ್ಟು ಬೈಕ್ ಜಾತಿಯ ಎಂಜಿನ್‌ಗಳಲ್ಲಿ ಕ್ಲಚ್ಚಿಗೂ ಎಂಜಿನ್ನಿಗೂ ಆಯಿಲ್ ಒಂದೇ.

ಇನ್ನು ಲೋ ಇಲ್ಲದ, ಬರೀ ಮುಂದೆ–ನ್ಯೂಟ್ರಲ್–ಹಿಂದೆ ಇರುವ 150–200 ಸಿಸಿ ಬೆಲ್ಟಿನ ಗಾಡಿಗಳು ಎರಿಗೆ ಬೇಡವೇ ಬೇಡ. ಅದಕ್ಕಿಂತ ಒಂದನೇ ಗೇರು ಗಟ್ಟಿ ಇರುವ ಸೆಮಿ ಆಟೋಮ್ಯಾಟಿಕ್ ವಾಸಿ.

ಮಸಾರಿ ಭೂಮಿಯವರಿಗೆ, ಖಾನಾಪುರದ ಕೆಂಪು ಮಣ್ಣಿನವರಿಗೆ ಇಷ್ಟು ಕಷ್ಟ ಇಲ್ಲ. ಅಲ್ಲಿ ಮೂರೂ ನಡೆಯುತ್ತವೆ.

ಆಟೋಮ್ಯಾಟಿಕ್ ತಗೊಂಡರೆ ಬೆಲ್ಟ್ ಸುಟ್ಟುಹೋಗುತ್ತದೆ ಅಂತ ಹೆದರಿಸ್ತಾರಲ್ಲ?

ಸುಡುತ್ತದೆ. ಆದರೆ ಬಹಳಷ್ಟು ಸಲ ತಾನಾಗಿ ಸುಡುವುದಿಲ್ಲ, ನಾವು ಸುಡುತ್ತೇವೆ. ಬೆಲ್ಟಿಗೆ ಶತ್ರು ಅಂದರೆ ಜಾರುವಿಕೆ. ಜಾರಿದರೆ ಬಿಸಿ, ಬಿಸಿಯಾದರೆ ರಬ್ಬರ್ ಹೊಳಪಾಗಿ ಗಟ್ಟಿಯಾಗುತ್ತದೆ, ಹೊಳಪಾದರೆ ಇನ್ನೂ ಜಾರುತ್ತದೆ. ಅಷ್ಟರಲ್ಲಿ ವಾಸನೆ ಬರುತ್ತದೆ.

ಜಾರುವುದು ಯಾವಾಗ? ಹೈನಲ್ಲಿ ಇಟ್ಟುಕೊಂಡು ನಿಧಾನಕ್ಕೆ ಭಾರ ಎಳೆದಾಗ. ಕಲ್ಲಿಗೋ ಬದುವಿಗೋ ಗಾಲಿ ತಾಗಿ ನಿಂತಿದ್ದರೂ ಎಕ್ಸಲೇಟರ್ ಒತ್ತುತ್ತಲೇ ಇದ್ದಾಗ. ಏರಿನಲ್ಲಿ ಬ್ರೇಕ್ ಹಿಡಿಯುವ ಬದಲು ಎಕ್ಸಲೇಟರ್ ಮೇಲೆಯೇ ಗಾಡಿ ನಿಲ್ಲಿಸಿಕೊಂಡಾಗ. ಪೊಲಾರಿಸ್ ಕೈಪಿಡಿಗಳಲ್ಲಿ ಒಂದು ಸರಳ ಗೆರೆ ಹಾಕಿದ್ದಾರೆ: ಗಂಟೆಗೆ 7 ಮೈಲಿಗಿಂತ, ಅಂದರೆ ಸುಮಾರು 11 ಕಿಲೋಮೀಟರಿಗಿಂತ ನಿಧಾನದ ಕೆಲಸಕ್ಕೆ ಲೋ ಹಾಕಿ. ನಮ್ಮ ಹೊಲದ ಕೆಲಸ ಬಹುತೇಕ ಅದಕ್ಕಿಂತ ನಿಧಾನದ್ದೇ ಅಲ್ವಾ? ಹಾಗಾದರೆ ಹೊಲಕ್ಕೆ ಇಳಿಯುವ ಮೊದಲು ನಿಲ್ಲಿಸಿ ಲೋಗೆ ಹಾಕಿ, ರಸ್ತೆಗೆ ಬಂದ ಮೇಲೆ ಹೈ ಮಾಡಿ. ಗಾಡಿ ಓಡುತ್ತಿರುವಾಗ ಹೈ–ಲೋ ಬದಲಿಸಬೇಡಿ, ಗೇರ್ ಪೆಟ್ಟಿಗೆಯ ಹಲ್ಲು ಮುರಿಯುತ್ತವೆ.

ಹೊಸ ಬೆಲ್ಟ್ ಹಾಕಿದ ಮೇಲೆ ಮೊದಲ 50 ಕಿಲೋಮೀಟರ್ ಮೆತ್ತಗೆ ಓಡಿಸಿ. ಪೂರ್ತಿ ಎಕ್ಸಲೇಟರ್ ಬೇಡ, ಭಾರವೂ ಬೇಡ. ಬೆಲ್ಟ್ ಪುಲ್ಲಿಗೆ ಹೊಂದಿಕೊಳ್ಳಲು ಅಷ್ಟು ಬೇಕು.

ಇನ್ನೊಂದು ಧೂಳಿನ ಮಾತು. ಬೆಲ್ಟಿನ ಡಬ್ಬಿಗೆ ತಂಪು ಗಾಳಿ ಎಳೆದುಕೊಳ್ಳುವ ಕೊಳವೆ ಇರುತ್ತದೆ. ಬೇಸಿಗೆಯಲ್ಲಿ ಎರಿ ಧೂಳು, ಮಳೆಗಾಲದಲ್ಲಿ ರಾಡಿ, ಎರಡೂ ಅದನ್ನು ಮುಚ್ಚುತ್ತವೆ. ಎಂಜಿನ್ನಿನ ಏರ್ ಫಿಲ್ಟರ್ ಎಲ್ಲರೂ ಸ್ವಚ್ಛ ಮಾಡುತ್ತಾರೆ, ಈ ಕೊಳವೆಯನ್ನು ಯಾರೂ ನೋಡುವುದಿಲ್ಲ. ನೋಡಿ. ಮತ್ತು ಒಂದು ಬೆಲ್ಟ್ ಮನೆಯಲ್ಲಿ ತಂದಿಟ್ಟುಕೊಂಡಿರಿ. ಕೆಟ್ಟ ಮೇಲೆ ಆರ್ಡರ್ ಮಾಡಿ ಕಾಯುವಷ್ಟರಲ್ಲಿ ಔಷಧಿ ಹೊಡೆಯುವ ಹೊತ್ತು ದಾಟಿಹೋಗಿರುತ್ತದೆ.

ಹಳ್ಳ ದಾಟುವಾಗ ಬೆಲ್ಟಿಗೆ ನೀರು ಹೋದರೆ?

ಎಂಜಿನ್ ಕೂಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಒದ್ದೆ ಬೆಲ್ಟ್ ಹಿಡಿಯುವುದಿಲ್ಲ. ಗಾಬರಿ ಬೇಡ. ಬೆಲ್ಟ್ ಡಬ್ಬಿಯ ಕೆಳಗೆ ನೀರು ಬಸಿಯುವ ಬಿರಡೆ ಇರುತ್ತದೆ, ತೆಗೆದು ಬಸಿಯಲು ಬಿಡಿ. ಆಮೇಲೆ ನ್ಯೂಟ್ರಲ್‌ನಲ್ಲಿ ಎಂಜಿನ್ ರೇಸ್ ಮಾಡಿ ಬಿಡಿ, ಪುಲ್ಲಿಯ ಗಾಳಿಗೇ ಬೆಲ್ಟ್ ಆರುತ್ತದೆ. ಬಳಿಕ ಲೋನಲ್ಲಿ ಮೆಲ್ಲಗೆ ಹೊರಡಿ. ಗೇರಿನ ಗಾಡಿಗೆ ಈ ತಾಪತ್ರಯ ಇಲ್ಲ, ಕ್ಲಚ್ ಆಯಿಲ್ ಒಳಗೇ ಮುಚ್ಚಿಕೊಂಡಿರುತ್ತದೆ. ಆದರೆ ಎಂಜಿನ್ ಗಾಳಿ ಎಳೆಯುವ ಬಾಯಿಗೆ ನೀರು ಹೊಕ್ಕರೆ ಎರಡೂ ಒಂದೇ, ಎಂಜಿನ್ ಕೈಬಿಟ್ಟಂತೆಯೇ. ಮಲಪ್ರಭಾ, ಘಟಪ್ರಭಾ ತುಂಬಿ ಬಂದಾಗ ಯಾವ ಗಾಡಿಯನ್ನೂ ಇಳಿಸಬೇಡಿ.

ಜಾಂಬೋಟಿ ಕಡೆ ರೆಸಾರ್ಟ್ ಮಾಡಿದ್ದೇವೆ, ಇಳಿಜಾರು ಜಾಸ್ತಿ. ಇಳಿಯುವಾಗ ಯಾವುದು ಸುರಕ್ಷಿತ?

ಇಲ್ಲಿ ಗೇರಿನ ಗಾಡಿಗೆ ಒಂದು ಹುಟ್ಟುಗುಣ ಇದೆ. ಒಂದನೇ ಗೇರಿನಲ್ಲಿ ಕ್ಲಚ್ ಬಿಟ್ಟು ಇಳಿದರೆ ಎಂಜಿನ್ನೇ ತಡೆ ಹಿಡಿಯುತ್ತದೆ. ಕ್ಲಚ್ ಮಾತ್ರ ಹಿಡಿಯಬಾರದು. ಹಿಡಿದರೆ ಗಾಡಿ ಗುಡ್ಡದಿಂದ ಉರುಳಿಬಿಟ್ಟ ಗುಂಡುಕಲ್ಲು.

ಸಾದಾ ಬೆಲ್ಟಿನ ಗಾಡಿ ಹಾಗಲ್ಲ. ಎಕ್ಸಲೇಟರ್ ಬಿಟ್ಟು ಎಂಜಿನ್ ನಿಧಾನ ಆದರೆ ಮುಂದಿನ ಪುಲ್ಲಿ ಬೆಲ್ಟನ್ನು ಸಡಿಲ ಬಿಡುತ್ತದೆ. ಗಾಡಿ ತನ್ನ ಪಾಡಿಗೆ ಓಡತೊಡಗುತ್ತದೆ, ಬ್ರೇಕ್ ಒಂದೇ ಗತಿ. ಈ ಕೊರತೆ ನೀಗಿಸಲು ಕಂಪನಿಗಳು ಬೇರೆ ಬೇರೆ ದಾರಿ ಹಿಡಿದಿವೆ. ಪೊಲಾರಿಸ್‌ನ ಕೆಲವು ಮಾದರಿಗಳಲ್ಲಿ ಎಂಜಿನ್ ಬ್ರೇಕಿಂಗ್ ಏರ್ಪಾಡು ಇದೆ. ಯಮಹಾ ತನ್ನ ಗ್ರಿಜ್ಲಿ ಸಾಲಿನ ಗಾಡಿಗಳಲ್ಲಿ ಬೆಲ್ಟ್ ಯಾವಾಗಲೂ ಬಿಗಿಯಾಗಿರುವಂತೆ ಮಾಡಿ, ಹಿಡಿಯುವ–ಬಿಡುವ ಕೆಲಸವನ್ನು ಬೇರೆ ಸೆಂಟ್ರಿಫ್ಯೂಗಲ್ ಕ್ಲಚ್ಚಿಗೆ ಕೊಟ್ಟಿದೆ. ಹಾಗಾಗಿ ಇಳಿಜಾರಲ್ಲೂ ಎಂಜಿನ್ ತಡೆ ಸಿಗುತ್ತದೆ.

ರೆಸಾರ್ಟಿನಲ್ಲಿ ಓಡಿಸುವವರು ಗೊತ್ತಿಲ್ಲದ ಪ್ರವಾಸಿಗರು. ಅವರ ಕೈಗೆ ಕ್ಲಚ್ ಕೊಟ್ಟರೆ ಇಳಿಜಾರಲ್ಲಿ ಭಯಕ್ಕೆ ಮೊದಲು ಹಿಡಿಯುವುದೇ ಕ್ಲಚ್ಚನ್ನು. ಆದ್ದರಿಂದ ಎಂಜಿನ್ ಬ್ರೇಕಿಂಗ್ ಇರುವ ಆಟೋಮ್ಯಾಟಿಕ್ ತಗೊಳ್ಳಿ, ಟ್ರ್ಯಾಕನ್ನು ಸಮತಟ್ಟು ಜಾಗದಲ್ಲಿ ಹಾಕಿ. ಭೀಮಗಡ ಅಭಯಾರಣ್ಯ ಹತ್ತಿರದಲ್ಲೇ ಇದೆ. ಕಾಡಿನೊಳಗೆ ಗಾಡಿ ನುಗ್ಗಿಸುವ ಯೋಚನೆ ಬಿಡಿ.

ದ್ರಾಕ್ಷಿ, ದಾಳಿಂಬೆ ಸಾಲಿನಲ್ಲಿ ಔಷಧಿ ಟ್ಯಾಂಕ್ ಎಳೆಯಬೇಕು

ಆಟೋಮ್ಯಾಟಿಕ್, ಲೋ ಇರುವುದು, ಫೋರ್ ವೀಲ್ ಡ್ರೈವ್ ಇದ್ದರೆ ಇನ್ನೂ ಒಳ್ಳೆಯದು. ಸಾಲಿನ ಕೊನೆಯಲ್ಲಿ ಹಿಂದೆ ಮುಂದೆ ಮಾಡುವುದು ಬಹಳ ಇರುತ್ತದೆ. ರಿವರ್ಸ್ ಸುಲಭ ಇರಬೇಕು. ಆದರೆ ಒಂದು ತೊಂದರೆ ಇದೆ. ಔಷಧಿ ಸಮನಾಗಿ ಬೀಳಬೇಕಾದರೆ ಸ್ಪೀಡ್ ಒಂದೇ ಇರಬೇಕು. ಗೇರಿನ ಗಾಡಿ ಒಂದನೇ ಗೇರಲ್ಲಿ ಹಿಡಿದ ಹಾಗೆ ಬೆಲ್ಟಿನ ಗಾಡಿ ಸ್ಪೀಡ್ ಹಿಡಿದುಕೊಳ್ಳುವುದಿಲ್ಲ, ಹೆಬ್ಬೆರಳು ಅಲ್ಲಾಡಿದಂತೆ ಅಲ್ಲಾಡುತ್ತದೆ. ಕೈ ಪಳಗುವವರೆಗೆ ಬರೀ ನೀರು ಹೊಡೆದು ನೋಡಿ. ಟ್ಯಾಂಕಿನ ಭಾರ ಕೈಪಿಡಿಯಲ್ಲಿ ಹೇಳಿದ್ದಕ್ಕಿಂತ ಮೀರದಿರಲಿ. ಅರ್ಧ ತುಂಬಿದ ಟ್ಯಾಂಕಿನಲ್ಲಿ ನೀರು ತುಳುಕಿ ತಿರುವಿನಲ್ಲಿ ಗಾಡಿ ಮಗುಚುವ ಅಪಾಯವೂ ಇದೆ.

ಮೈಲೇಜ್?

ಎಂಜಿನ್ ಒಂದೇ ಆದರೆ ಗೇರಿನದ್ದು ಸ್ವಲ್ಪ ಜಾಸ್ತಿ ಕೊಡುತ್ತದೆ, ಬೆಲ್ಟಿನಲ್ಲಿ ಒಂದಿಷ್ಟು ಶಕ್ತಿ ಬಿಸಿಯಾಗಿ ಹೋಗುತ್ತದೆ. ಆದರೆ ಮೈಲೇಜ್ ನೋಡಿ ಎಟಿವಿ ಕೊಳ್ಳುವವರು ಎಕ್ಸೆಲ್ ಕೊಳ್ಳುವುದೇ ಒಳ್ಳೆಯದು.

ಬ್ಯಾಟರಿ ಸತ್ತರೆ ತಳ್ಳಿ ಚಾಲೂ ಮಾಡಬಹುದಾ?

ಕ್ಲಚ್ ಇರುವ ಗೇರಿನ ಗಾಡಿಯನ್ನು ಎರಡನೇ ಗೇರಿಗೆ ಹಾಕಿ ತಳ್ಳಿ ಚಾಲೂ ಮಾಡಬಹುದು. ಸಾದಾ ಬೆಲ್ಟಿನದ್ದು ಆಗುವುದಿಲ್ಲ. ಎಂಜಿನ್ ನಿಂತಿದ್ದಾಗ ಮುಂದಿನ ಪುಲ್ಲಿ ಬೆಲ್ಟನ್ನು ಹಿಡಿದಿರುವುದೇ ಇಲ್ಲ, ಗಾಲಿ ತಿರುಗಿದರೂ ಎಂಜಿನ್ ತಿರುಗುವುದಿಲ್ಲ. ಟ್ರ್ಯಾಕ್ಟರಿಗೆ ಕಟ್ಟಿ ಎಳೆದುಕೊಂಡು ಬರುವುದಾದರೆ ನ್ಯೂಟ್ರಲ್‌ನಲ್ಲೇ ಎಳೆಯಿರಿ.

ಕೆಟ್ಟರೆ ನಮ್ಮೂರಲ್ಲಿ ಯಾರು ರಿಪೇರಿ ಮಾಡ್ತಾರೆ?

ಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆ ಇದು, ಬಹಳ ಜನ ಕೊಂಡ ಮೇಲೆ ಕೇಳುತ್ತಾರೆ. ಸೆಮಿ ಆಟೋಮ್ಯಾಟಿಕ್ ಮತ್ತು ಮ್ಯಾನ್ಯುವಲ್ ಚಿಕ್ಕ ಗಾಡಿಗಳನ್ನು ಇಂಡಿ, ಹುನಗುಂದ, ಗೋಕಾಕದ ಯಾವ ಬೈಕ್ ಮಿಸ್ತ್ರಿಯೂ ಬಿಚ್ಚಬಲ್ಲ. ಕ್ಲಚ್ ಪ್ಲೇಟ್ ಹಾಕುವುದು ಅವನಿಗೆ ದಿನದ ಕೆಲಸ. ಸ್ಕೂಟರ್ ಬೆಲ್ಟ್ ಬದಲಿಸುವವರೂ ಊರೂರಲ್ಲಿ ಇದ್ದಾರೆ. ಆದರೆ ದೊಡ್ಡ ಎಟಿವಿಯ ಪುಲ್ಲಿ ಕಳಚಲು ಬೇರೆ ಪುಲ್ಲರ್ ಬೇಕು. ಸುತ್ತಿಗೆಯಲ್ಲಿ ಬಡಿದರೆ ಪುಲ್ಲಿಯ ತಟ್ಟೆ ಸೊಟ್ಟಗಾಗಿ ಹೊಸ ಬೆಲ್ಟನ್ನೂ ತಿಂದುಹಾಕುತ್ತದೆ.

ಬೆಳಗಾವಿಯ ಉದ್ಯಮಬಾಗ್ ನಮ್ಮ ಭಾಗದ ದೊಡ್ಡ ಆಸರೆ. ಬುಶ್, ಶಾಫ್ಟ್, ಪಿನ್ನು ಬೇಕಾದರೆ ಅಲ್ಲಿನ ಲೇತ್ ಅಂಗಡಿಗಳಲ್ಲಿ ಮಾಡಿಸಬಹುದು. ಬೆಲ್ಟ್ ಮಾತ್ರ ಮಾಡಿಸಲು ಆಗುವುದಿಲ್ಲ. ಅಗಲದಲ್ಲಿ, ಉದ್ದದಲ್ಲಿ ಒಂಚೂರು ಫರಕು ಬಂದರೂ ಸಿವಿಟಿ ಸರಿ ನಡೆಯುವುದಿಲ್ಲ. ‘ಇದೂ ಕೂಡುತ್ತೆ ಬಿಡ್ರಿ’ ಅಂತ ಕೊಡುವ ಬೆಲ್ಟ್ ತಗೊಳ್ಳಬೇಡಿ.

ಮನೆಯಲ್ಲಿ ಅಪ್ಪ, ತಮ್ಮ, ಹೆಂಡತಿ ಎಲ್ಲರೂ ಓಡಿಸಬೇಕು

ಆಟೋಮ್ಯಾಟಿಕ್. ಯೋಚನೆ ಬೇಡ. ಮಕ್ಕಳ ವಿಷಯ ಬೇರೆ: ದೊಡ್ಡವರ ಎಟಿವಿಗಳ ಮೇಲೆ 16 ವರ್ಷದ ಕೆಳಗಿನವರು ಓಡಿಸಬಾರದು ಅಂತ ಬರೆದೇ ಇರುತ್ತದೆ. ಗೇರಿಲ್ಲ, ಸುಲಭ ಅನ್ನುವ ಕಾರಣಕ್ಕೆ ಮಗುವಿನ ಕೈಗೆ ಕೊಡಬೇಡಿ. ಸುಲಭ ಇರುವುದು ಹೊರಡುವುದಷ್ಟೇ. ತಿರುವಿನಲ್ಲಿ ಮೈ ವಾಲಿಸಿ ಗಾಡಿಯ ತೂಕ ಹಿಡಿಯುವಷ್ಟು ಬಲ ಮಗುವಿಗೆ ಇರುವುದಿಲ್ಲ.

ಹಾಗಾದರೆ ಮ್ಯಾನ್ಯುವಲ್ ಯಾರಿಗೆ?

ಓಡಿಸುವುದೇ ಖುಷಿ ಅನ್ನುವವರಿಗೆ. ತಿರುವಿಗೆ ಮೊದಲು ಗೇರು ಇಳಿಸಿ, ತಿರುವಿನಿಂದ ಹೊರಗೆ ಬರುವಾಗ ಕ್ಲಚ್ ಬಿಟ್ಟು ಹಿಂಗಾಲಿ ಜಾರಿಸುವ ಮಜಾ ಬೆಲ್ಟಿನಲ್ಲಿ ಸಿಗುವುದಿಲ್ಲ. ಎಕ್ಸಲೇಟರಿಗೆ ಗಾಡಿ ತಕ್ಷಣ ಓಗೊಡುತ್ತದೆ. ಸ್ವಂತ ಜಾಗ ಇದ್ದರೆ ಒಂದು ಮಣ್ಣಿನ ಟ್ರ್ಯಾಕ್ ಮಾಡಿಕೊಂಡು ಆಡಿ. ಬಾದಾಮಿ ಗುಡ್ಡಗಳ ಸ್ಮಾರಕಗಳ ಹತ್ತಿರ, ಯಡಹಳ್ಳಿ ಚಿಂಕಾರ ಅಭಯಾರಣ್ಯದಲ್ಲಿ ಈ ಆಟ ಬೇಡ.

ಡಿಸಿಟಿ ಅಂತ ಒಂದಿದೆಯಲ್ಲ?

ಹೋಂಡಾದ ಕೆಲವು ಎಟಿವಿಗಳಲ್ಲಿ ಇದೆ. ಎರಡು ಕ್ಲಚ್, ಹಲ್ಲಿನ ಗೇರು, ಗೇರು ಬದಲಿಸುವುದು ಕಂಪ್ಯೂಟರ್. ಬೆಲ್ಟ್ ಇಲ್ಲ, ಎಂಜಿನ್ ತಡೆಯೂ ಇದೆ. ಎರಡರ ಒಳ್ಳೆಯ ಗುಣವೂ ಒಂದರಲ್ಲೇ. ಆದರೆ ನಮ್ಮ ಕಡೆ ಇದನ್ನು ಬಿಚ್ಚಿ ಗೊತ್ತಿರುವ ಮಿಸ್ತ್ರಿ ಸಿಗುವುದು ಕಷ್ಟ.

ಆಟೋಮ್ಯಾಟಿಕ್ ಇದ್ದರೆ ರಸ್ತೆಗೆ ಪರವಾನಗಿ ಸಿಗುತ್ತದಾ?

ಗೇರಿಗೂ ಅದಕ್ಕೂ ಸಂಬಂಧ ಇಲ್ಲ. ನೋಂದಣಿ ಇಲ್ಲದ ಎಟಿವಿಯನ್ನು ಸಾರ್ವಜನಿಕ ರಸ್ತೆಗೆ ತರುವಂತಿಲ್ಲ. ಪೊಲಾರಿಸ್ ಸ್ಪೋರ್ಟ್ಸ್‌ಮನ್ 570ರಲ್ಲಿ ಟ್ರ್ಯಾಕ್ಟರ್ ಅಂತ ಒಪ್ಪಿಗೆ ಪಡೆದ ಮಾದರಿ ಬಂದಿದೆ. ಮಾರುವವರು ‘ನಂಬರ್ ಸಿಗುತ್ತೆ’ ಅಂದರೆ ಆ ಮಾದರಿಯ ಕಾಗದ ತೋರಿಸಲು ಹೇಳಿ. ಅದನ್ನು ಹಿಡಿದುಕೊಂಡು ಆರ್‌ಟಿಓ ಕಚೇರಿಯಲ್ಲಿ ಕೇಳಿ, ಆಮೇಲೆ ದುಡ್ಡು ಕೊಡಿ.

ಕಾಲೇಜಿನಲ್ಲಿ ಬಾಹಾಗೆ ಗಾಡಿ ಕಟ್ಟುತ್ತಿದ್ದೇವೆ. ಯಾವುದು ಹಾಕಲಿ?

ಎಸ್‌ಎಇ ಬಾಹಾದಲ್ಲಿ, ಅಂದರೆ ಕಾಲೇಜು ತಂಡಗಳು ತಾವೇ ಕಟ್ಟಿದ ಗಾಡಿಗಳ ಸ್ಪರ್ಧೆಯಲ್ಲಿ, ಬಹಳ ತಂಡಗಳು ಮಹೀಂದ್ರಾ ಆಲ್ಫಾ ಆಟೋದ ಗೇರ್ ಪೆಟ್ಟಿಗೆಯಿಂದಲೇ ಶುರು ಮಾಡಿದವು. ಅಗ್ಗ, ಗಟ್ಟಿ, ರಿವರ್ಸ್ ಜೊತೆಗೇ ಬರುತ್ತದೆ, ಗುಜರಿಯಲ್ಲೂ ಸಿಗುತ್ತದೆ. ಆದರೆ ಭಾರ, ಮತ್ತು ಗೇರು ಬದಲಿಸುವಾಗ ಸಮಯ ಹೋಗುತ್ತದೆ. ಸಿವಿಟಿ ಹಾಕಿದರೆ ಓಡಿಸುವವನ ಗಮನ ದಾರಿಯ ಮೇಲೆ ಇರುತ್ತದೆ. ಆದರೆ ತೂಕ, ಸ್ಪ್ರಿಂಗ್ ಬದಲಿಸಿ ಬದಲಿಸಿ ಹೊಂದಿಸಬೇಕು. ಆ ಕೆಲಸಕ್ಕೆ ತಿಂಗಳುಗಳ ಟೈಮ್ ಇಟ್ಟುಕೊಳ್ಳದ ತಂಡ ಸಿವಿಟಿ ಹಾಕಿ ಉಪಯೋಗ ಇಲ್ಲ. ಮೊದಲ ವರ್ಷದ ತಂಡಕ್ಕೆ ಆಲ್ಫಾ ಸಾಕು.

ಗೇರಿನ ಗಾಡಿಯನ್ನು ಆಮೇಲೆ ಆಟೋಮ್ಯಾಟಿಕ್ ಮಾಡಿಸಬಹುದಾ?

ಬೇಡ. ಆ ಖರ್ಚಿಗೆ ಗಾಡಿ ಮಾರಿ ಬೇರೆ ತಗೊಳ್ಳಿ.

ಸೆಕೆಂಡ್ ಹ್ಯಾಂಡ್ ನೋಡುವಾಗ ಏನು ಪರೀಕ್ಷೆ ಮಾಡಬೇಕು?

ಬೆಲ್ಟಿನದ್ದಾದರೆ ಡಬ್ಬಿಯ ಮುಚ್ಚಳ ಬಿಚ್ಚಿಸಿ. ಬೆಲ್ಟಿನ ಅಂಚು ಹೊಳೆಯುತ್ತಿದೆಯಾ, ಬಿರುಕು ಬಿಟ್ಟಿದೆಯಾ ನೋಡಿ. ಪುಲ್ಲಿಯ ತಟ್ಟೆ ಮೇಲೆ ಬೆರಳು ಆಡಿಸಿ. ಗೀರು, ತಗ್ಗು ಸಿಕ್ಕರೆ ಬೆಲೆ ಇಳಿಸಲು ಕೇಳಿ. ಒಳಗೆಲ್ಲ ಕರಿ ರಬ್ಬರ್ ಪುಡಿ ಇದ್ದರೆ ಹಿಂದಿನವರು ಹೈನಲ್ಲೇ ಹೊಲ ಉತ್ತಿದ್ದಾರೆ ಅಂತ ತಿಳಿಯಿರಿ. ಗೇರಿನದ್ದಾದರೆ ಒಂದು ಏರಿನಲ್ಲಿ ಮೇಲಿನ ಗೇರು ಹಾಕಿ ಎಕ್ಸಲೇಟರ್ ಒತ್ತಿ: ಎಂಜಿನ್ ಮಾತ್ರ ಕೂಗಿ ಗಾಡಿ ಎಳೆಯದಿದ್ದರೆ ಕ್ಲಚ್ ಮುಗಿದಿದೆ. ಆಯಿಲ್ ಕಡ್ಡಿ ತೆಗೆದು ಮೂಸಿ ನೋಡಿ, ಸುಟ್ಟ ವಾಸನೆ ಬಂದರೆ ಬಿಟ್ಟುಬಿಡಿ. ರಿವರ್ಸನ್ನು ಎಲ್ಲರೂ ಮರೆಯುತ್ತಾರೆ. ಎರಡು ಮೂರು ಸಲ ಹಾಕಿ, ಸ್ವಲ್ಪ ಏರಿನಲ್ಲಿ ಹಿಂದಕ್ಕೆ ಓಡಿಸಿ, ಕಟಕಟ ಸದ್ದು ಬರುತ್ತಾ ಕೇಳಿ. ಇಷ್ಟೂ ಮಾಡಲು ಮಾರುವವರು ಬಿಡದಿದ್ದರೆ ಬೇರೆ ಗಾಡಿ ನೋಡಿ.